ಸರ್ಕಾರ ಕೊಡುವ ವರದಕ್ಷಿಣೆ

ಮೊನ್ನೆ ನಮ್ಮ ಮಹಿಳಾ ಸಮಾಜದ ತಿಂಗಳ ಸಭೆಯಲ್ಲಿ ಒಂದು ಠರಾವು ಓದಿದರು. ಅಂಗವಿಕಲರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಅಂಗಡಿ, ಕಾರ್ಖಾನೆಗಳ ಮಾಲೀಕರಿಗೆ ಅವರ ಸಂಬಳದ ಅರ್ಧ ಭಾಗವನ್ನು ಸರ್ಕಾರವೇ ಸಹಾಯಧನವಾಗಿ ಕೊಡಬೇಕು ಎಂದು ಒತ್ತಾಯಿಸುವ ಠರಾವು. ಒಪ್ಪಿಗೆ ಇರುವವರು ಕೈ ಎತ್ತಿ ಎಂದಾಗ ಇಪ್ಪತ್ತಕ್ಕೂ ಹೆಚ್ಚು ಕೈಗಳು ಮೇಲೆದ್ದವು. ನನ್ನ ಕೈ ಮಾತ್ರ ಮಡಿಲಲ್ಲೇ ಇತ್ತು.

"ಅಯ್ಯೋ, ನಿಮ್ಮ ತಂಗೀನೇ ಹಾಗಿರುವಾಗ ನೀವೇ ಬೇಡ ಅಂತೀರಲ್ರೀ!" ಎಂದು ಪಕ್ಕದಲ್ಲಿ ಕುಳಿತಿದ್ದವರು ಬೆರಗಾದರು. ಅಷ್ಟರಲ್ಲಿ ಉಪ್ಪಿಟ್ಟು, ಕಾಫಿ ಬಂತು. ಮಾತು ಮಗಳ ಬಾಣಂತನದ ಕಡೆಗೆ, ಮಳೆಯ ಕಡೆಗೆ ತಿರುಗಿತು. ನನ್ನ ಉತ್ತರ ಗಂಟಲಲ್ಲೇ ಉಳಿಯಿತು. ಅದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ನೀವೂ ಕೈ ಎತ್ತಿದರೆ ನನಗೇನೂ ಬೇಸರವಿಲ್ಲ. ಆದರೆ ಓದಿ ಎತ್ತಿ.

ನನ್ನ ತಂಗಿ ಹುಟ್ಟಿದ್ದು 1974ರಲ್ಲಿ. ಒಂದೂವರೆ ವರ್ಷದವಳಿದ್ದಾಗ ಜ್ವರ ಬಂತು, ಜ್ವರ ಇಳಿದಾಗ ಎಡಗಾಲಿನ ಶಕ್ತಿಯೂ ಇಳಿದಿತ್ತು. ಪೋಲಿಯೊ. ಆಗ ಊರೂರಲ್ಲಿ ಅಂಥ ಮಕ್ಕಳಿದ್ದರು. ಪಲ್ಸ್ ಪೋಲಿಯೊ ಹನಿ ಶುರುವಾದದ್ದು 1995ರಲ್ಲಿ, ನಮ್ಮ ದೇಶ ಪೋಲಿಯೊ ಮುಕ್ತ ಎಂದು ಘೋಷಣೆಯಾದದ್ದು 2014ರಲ್ಲಿ. ಅಷ್ಟು ಹೊತ್ತಿಗೆ ನನ್ನ ತಂಗಿ ನಲವತ್ತರ ಹೆಂಗಸು. ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡೇ ಬಿ.ಕಾಂ. ಓದಿದಳು, ಟೈಪಿಂಗ್ ಕಲಿತಳು, ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಇಡುವುದನ್ನೂ ಕಲಿತಳು. ನಮ್ಮ ಮನೆಯಲ್ಲಿ ಹಾಲಿನವನ ಲೆಕ್ಕದಿಂದ ಹಿಡಿದು ಅಪ್ಪನ ಪಿಂಚಣಿಯವರೆಗೆ ಎಲ್ಲವೂ ಅವಳ ಬೆರಳ ತುದಿಯಲ್ಲಿ.

ಅವಳಿಗೆ ಮೊದಲ ಸಲ ಬೆಲೆ ಕಟ್ಟಿದ್ದು 1998ರಲ್ಲಿ. ಗಂಡಿನ ಕಡೆಯವರು ಬಂದು, ಅವಲಕ್ಕಿ ತಿಂದು, ಹುಡುಗಿ ಲಕ್ಷಣವಾಗಿದ್ದಾಳೆ, ಓದಿದ್ದಾಳೆ ಎಂದರು. ಆಮೇಲೆ ಹುಡುಗನ ಚಿಕ್ಕಪ್ಪ ಅಪ್ಪನನ್ನು ಜಗಲಿಗೆ ಕರೆದು ದನಿ ತಗ್ಗಿಸಿ, "ನೋಡಿ, ಕಾಲಿನದೊಂದು ಇದೆಯಲ್ಲ. ಹಾಗಾಗಿ ಸ್ವಲ್ಪ ಮುಂದೆ ಬರಬೇಕಾಗ್ತದೆ" ಎಂದ. ಮುಂದೆ ಬರುವುದು ಎಂದರೆ ಇನ್ನೂ ಐವತ್ತು ಸಾವಿರ. ಅಪ್ಪ ಸೈಟು ಮಾರುವ ಲೆಕ್ಕ ಹಾಕಿದರು. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ನಾನೇನು ಮಾಡಿದೆ ಗೊತ್ತೆ? ಅಡುಗೆಮನೆಯಲ್ಲಿ ತಂಗಿಯ ಕೈ ಹಿಡಿದು, "ಒಪ್ಕೊಳ್ಳೇ, ಇಂಥ ಮನೆ ಮತ್ತೆ ಸಿಗಲ್ಲ" ಎಂದೆ. ಅವಳು ನನ್ನ ಕೈ ಬಿಡಿಸಿಕೊಂಡಳು. "ನನ್ನ ಕಾಲಿಗೆ ಐವತ್ತು ಸಾವಿರ ದಂಡ ಕಟ್ಟಿ ನೀವು ನನ್ನ ಸಾಗಹಾಕೋದಾದ್ರೆ, ನಾಳೆ ಅವರು ಮತ್ತೊಂದು ದಂಡ ಹಾಕಲ್ಲ ಅಂತ ಏನು ಗ್ಯಾರಂಟಿ?" ಎಂದಳು. ಮದುವೆ ಮುರಿಯಿತು. ಅವಳು ಮದುವೆಯಾಗಲೇ ಇಲ್ಲ. ಅದರ ಬಗ್ಗೆ ಅವಳಿಗೆ ದುಃಖವೂ ಇಲ್ಲ.

ಎರಡನೆಯ ಸಲ ಅವಳಿಗೆ ಬೆಲೆ ಕಟ್ಟಿದ್ದು 2009ರಲ್ಲಿ. ಆ ಸಲ ಕಟ್ಟಿಸಿದವಳು ನಾನೇ.

ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದ್ದೆ. ಕೇಂದ್ರ ಸರ್ಕಾರ 2008ರ ಏಪ್ರಿಲ್ 1ರಿಂದ ಹೊಸ ಯೋಜನೆ ತಂದಿತ್ತು. ಖಾಸಗಿಯವರು ಅಂಗವಿಕಲರನ್ನು ಹೊಸದಾಗಿ ಕೆಲಸಕ್ಕೆ ಸೇರಿಸಿಕೊಂಡರೆ, ತಿಂಗಳಿಗೆ 25,000 ರೂಪಾಯಿವರೆಗಿನ ಸಂಬಳಕ್ಕೆ ಮಾಲೀಕರು ಕಟ್ಟಬೇಕಾದ ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆಯನ್ನು ಮೊದಲ 3 ವರ್ಷ ಸರ್ಕಾರವೇ ಕಟ್ಟುತ್ತದೆ. ವರ್ಷಕ್ಕೆ 1 ಲಕ್ಷ ಮಂದಿಗೆ ಕೆಲಸ ಸಿಗಬೇಕೆಂಬ ಗುರಿ, ಅದಕ್ಕೆ 1,800 ಕೋಟಿ ರೂಪಾಯಿ. ಓದಿ ನನ್ನ ಕಣ್ಣು ತುಂಬಿ ಬಂತು. ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡೆ. ದಾವಣಗೆರೆಯಲ್ಲಿ ಆಗ ನಾವಿದ್ದ ಬೀದಿಗೆ ಹತ್ತಿರವೇ ಒಂದು ದೊಡ್ಡ ಬಟ್ಟೆ ಅಂಗಡಿ. ಮೂರು ಮಹಡಿ, ಮೂವತ್ತು ನಲವತ್ತು ಜನ ಕೆಲಸದವರು. ಲೆಕ್ಕ ಬರೆಯಲು ಜನ ಬೇಕು ಎಂದು ಬೋರ್ಡು ಹಾಕಿದ್ದರು. ತಂಗಿಯನ್ನು ಮನೆಯಲ್ಲೇ ಬಿಟ್ಟು ನಾನೊಬ್ಬಳೇ ಹೋಗಿ ಮಾಲೀಕರ ಮುಂದೆ ಆ ಚೂರು ಕಾಗದ ಬಿಡಿಸಿಟ್ಟೆ. ಅವಳು ಎಷ್ಟು ಚೆನ್ನಾಗಿ ಲೆಕ್ಕ ಇಡುತ್ತಾಳೆ ಎಂದು ಮೊದಲು ಹೇಳಲಿಲ್ಲ. "ಇವಳನ್ನ ತಗೊಂಡ್ರೆ ನಿಮಗೆ ಉಳಿತಾಯ ಆಗುತ್ತೆ ಸಾರ್" ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಷಾಢದ ರಿಯಾಯಿತಿ ಮಾರಾಟದ ಸೀರೆಯನ್ನು ಹಾಸಿ ತೋರಿಸಿದಂತೆ ನಾನು ನನ್ನ ತಂಗಿಯನ್ನು ಹಾಸಿ ತೋರಿಸಿದ್ದೆ.

ಮಾಲೀಕರು ಕೆಟ್ಟವರಲ್ಲ. ಲೆಕ್ಕ ಪರಿಶೋಧಕರನ್ನು ಕೇಳಿ ತಿಳಿದುಕೊಂಡರು, ಸೇರಿಸಿಕೊಂಡರು. ಸಂಬಳ 5,000 ರೂಪಾಯಿ. ಅದೇ ತಿಂಗಳು ಅದೇ ಕೆಲಸಕ್ಕೆ ಸೇರಿದ, ಅವಳಿಗಿಂತ ಕಡಿಮೆ ಓದಿದ ಹುಡುಗನಿಗೆ 6,500. ಕೇಳಿದ್ದಕ್ಕೆ, "ಅವನು ಮೇಲೆ ಕೆಳಗೆ ಓಡಾಡ್ತಾನಮ್ಮ. ಇವರು ಕೂತಲ್ಲೇ ಇರ್ತಾರೆ" ಎಂದರು. ಲೆಕ್ಕ ಬರೆಯುವುದು ಕೂತಲ್ಲೇ ಅಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ರಿಯಾಯಿತಿಯ ಮಾತೆತ್ತಿದವಳು ನಾನೇ ಆಗಿರುವಾಗ ಪೂರಾ ಬೆಲೆ ಕೇಳುವುದು ಹೇಗೆ?

ಈಗ ಒಂದು ಲೆಕ್ಕ ಹಾಕೋಣ. ಲೆಕ್ಕ ನನ್ನ ತಂಗಿಯದೇ. ಐದು ಸಾವಿರಕ್ಕೆ ಮಾಲೀಕರ ಪಾಲಿನ ಭವಿಷ್ಯನಿಧಿ ಶೇಕಡ 12, ಅಂದರೆ 600 ರೂಪಾಯಿ. ಇ.ಎಸ್.ಐ. ಆಗ ಶೇಕಡ 4.75, ಅಂದರೆ 237 ರೂಪಾಯಿ 50 ಪೈಸೆ. ಒಟ್ಟು ತಿಂಗಳಿಗೆ 837 ರೂಪಾಯಿ 50 ಪೈಸೆ ಸರ್ಕಾರದಿಂದ. ಮೂರು ವರ್ಷಕ್ಕೆ 30,150 ರೂಪಾಯಿ. ಅವಳ ಸಂಬಳದಲ್ಲಿ ಹಿಡಿದದ್ದು ತಿಂಗಳಿಗೆ 1,500ರಂತೆ 54,000. ಎರಡೂ ಸೇರಿ ಮಾಲೀಕರಿಗೆ ಉಳಿದದ್ದು 84,150 ರೂಪಾಯಿ. ಆ ಅಂಗಡಿಯ ಮುಂದೆ ನಾಲ್ಕು ಎತ್ತರದ ಮೆಟ್ಟಿಲುಗಳಿದ್ದವು. ಹೆಂಗಸರ ಶೌಚಾಲಯ ಎರಡನೇ ಮಹಡಿಯಲ್ಲಿ. ಒಂದು ಇಳಿಜಾರು, ಅದಕ್ಕೊಂದು ಹಿಡಿ, ಕೆಳಗಡೆಯೇ ಇದ್ದ ಗಂಡಸರ ಶೌಚಾಲಯದ ಪಕ್ಕ ಇನ್ನೊಂದು ಬಾಗಿಲು, ಇಷ್ಟಕ್ಕೆ ಎಷ್ಟಾಗುತ್ತದೆ ಎಂದು ಗಾರೆ ಕೆಲಸದವನನ್ನು ಕೇಳಿದ್ದೆ. ಹನ್ನೆರಡು ಸಾವಿರ ಎಂದಿದ್ದ. ಮೂರು ವರ್ಷದಲ್ಲಿ ಅದು ಆಗಲಿಲ್ಲ. ನನ್ನ ತಂಗಿ ಬೆಳಗ್ಗೆ ಮನೆ ಬಿಟ್ಟವಳು ಸಂಜೆ ಮನೆಗೆ ಬರುವವರೆಗೆ ನೀರು ಕುಡಿಯುತ್ತಿರಲಿಲ್ಲ. ಯಾಕೆ ಎಂದು ಹೆಂಗಸರಾದ ನಿಮಗೆ ಬಿಡಿಸಿ ಹೇಳಬೇಕೆ?

ಮೂರು ವರ್ಷ ಮುಗಿದ ಮರುತಿಂಗಳು, 2012ರಲ್ಲಿ, "ವ್ಯಾಪಾರ ಡಲ್ಲಾಗಿದೆ" ಎಂದು ಅವಳನ್ನು ಬಿಡಿಸಿದರು. ಆ ಹುಡುಗ ಅಲ್ಲೇ ಉಳಿದ.

1998ರಲ್ಲಿ ತಂಗಿ ಹೇಳಿದ್ದ ಮಾತು ನನಗೆ ಆವತ್ತು ಅರ್ಥವಾಯಿತು. ಮಾಲೀಕನ ಕೈಗೆ ಕೊಡುವ ಸಹಾಯಧನ ವರದಕ್ಷಿಣೆಯೇ. ಬೇರೆ ಹೆಸರು ಹುಡುಕುವುದು ಬೇಡ. ವರದಕ್ಷಿಣೆ ಎಂದರೇನು? ಈ ಹೆಣ್ಣು ಹೊರೆ, ಈ ಹೊರೆ ಹೊರುವುದಕ್ಕೆ ಕೂಲಿ ತೆಗೆದುಕೊಳ್ಳಿ ಎಂದು ಹೆಣ್ಣಿನ ಕಡೆಯವರೇ ಒಪ್ಪಿಕೊಂಡು ಕೊಡುವ ಹಣ. ಅದನ್ನು ಕೊಟ್ಟ ಕ್ಷಣವೇ ಆಕೆ ಹೊರೆ ಎಂಬುದು ಸಾಬೀತಾಯಿತು. ಆಮೇಲೆ ಆಕೆ ಆ ಮನೆಯಲ್ಲಿ ಎಷ್ಟು ಗೇಯ್ದರೂ ಲೆಕ್ಕಕ್ಕಿಲ್ಲ. ಹಣ ತೀರಿದ ಮೇಲೆ ಮತ್ತೆ ತವರಿನತ್ತ ಕೈ ತೋರಿಸುತ್ತಾರೆ. ದೇಶದಲ್ಲಿ 1961ರಿಂದ ವರದಕ್ಷಿಣೆ ಅಪರಾಧ. ಆದರೆ ಅಂಗವಿಕಲರ ಪಾಲಿಗೆ ಸರ್ಕಾರವೇ ಹೆಣ್ಣಿನ ತಂದೆಯಾಗಿ ಕೈಮುಗಿದು ನಿಂತು, "ಕಾಲಿನದೊಂದು ಇದೆ, ನಾವು ಸ್ವಲ್ಪ ಮುಂದೆ ಬರುತ್ತೇವೆ" ಎನ್ನುತ್ತದೆ. ನಾವು ಹೆಂಗಸರು ಅದಕ್ಕೆ ಚಪ್ಪಾಳೆ ತಟ್ಟಿ ಠರಾವು ಪಾಸು ಮಾಡುತ್ತೇವೆ!

ಅಷ್ಟು ಕೊಟ್ಟಾದರೂ ಗಂಡು ಸಿಕ್ಕಿದನೆ? ಅದೂ ಇಲ್ಲ. ವರ್ಷಕ್ಕೆ 1 ಲಕ್ಷ ಕೆಲಸ ಎಂದ ಆ ಯೋಜನೆ ಗುರಿಯ ಹತ್ತಿರಕ್ಕೂ ಸುಳಿಯಲಿಲ್ಲ. ಯಾಕೆಂದರೆ ಮಾಲೀಕರನ್ನು ತಡೆಯುತ್ತಿದ್ದದ್ದು 837 ರೂಪಾಯಿ ಅಲ್ಲ. ಇವರ ಕೈಲಾಗುವುದಿಲ್ಲ ಎಂಬ ತೀರ್ಮಾನ. ಆ ತೀರ್ಮಾನವನ್ನು ಹಣದಿಂದ ಅಳಿಸಲಾಗುವುದಿಲ್ಲ. ಹಣ ಕೊಟ್ಟರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. 'ಏನೋ ಕೊರತೆ ಇರುವುದಕ್ಕೇ ಅಲ್ಲವೆ ಸರ್ಕಾರ ದುಡ್ಡು ಕೊಡುತ್ತಿರುವುದು' ಎಂದು ಯಾರಾದರೂ ಯೋಚಿಸುತ್ತಾರೆ.

ನಮ್ಮ ಕಾನೂನಿನಲ್ಲೂ ಈ ಭಾವನೆ ಬಹಳ ಕಾಲ ಕೂತಿತ್ತು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ, ಅಂಗವಿಕಲ ಕೆಲಸಗಾರರ ಕೂಲಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸರ್ಕಾರ ಆದೇಶ ಹೊರಡಿಸಬಹುದು ಎಂಬ ಕಲಮೇ ಇತ್ತು. ಕನಿಷ್ಠಕ್ಕಿಂತ ಕನಿಷ್ಠ! ಹೊಲದಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬುದನ್ನು ಕಂಡವರು ನಾವು. ಹೆಂಗಸರ ಕೈಯಲ್ಲಿ ಬಲ ಕಡಿಮೆ ಎಂದು ಕೂಲಿ ಕಡಿಮೆ ಮಾಡಿದವರೇ, ಕಳೆ ಕೀಳುವುದಕ್ಕೆ, ನಾಟಿ ಮಾಡುವುದಕ್ಕೆ ಹೆಂಗಸರೇ ಬೇಕು ಎನ್ನುತ್ತಿದ್ದರು. ನಾಳೆ ಸರ್ಕಾರ, "ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡರೆ ಅವರ ಅರ್ಧ ಸಂಬಳ ನಾವು ಕೊಡುತ್ತೇವೆ, ಪಾಪ, ಅವರು ಅರ್ಧ ಕೆಲಸ ತಾನೇ ಮಾಡುವುದು" ಎಂದರೆ ನಮ್ಮ ಮಹಿಳಾ ಸಮಾಜ ಸುಮ್ಮನಿರುತ್ತದೆಯೆ?

ನನ್ನ ಮಾತಿಗೆ ಎದುರು ಮಾತು ಇದೆ, ನನಗೆ ಗೊತ್ತು. "ಏನೂ ಕೊಡದಿದ್ದರೆ ಯಾರೂ ತಗೊಳ್ಳೋದೇ ಇಲ್ವಲ್ರೀ. ವ್ಯಾಪಾರಿ ಧರ್ಮಛತ್ರ ಇಟ್ಟಿಲ್ಲ. ಮೂರು ವರ್ಷವಾದರೂ ನಿಮ್ಮ ತಂಗಿ ಸಂಬಳ ಕಂಡಳಲ್ಲ?" ಕಂಡಳು. ಇಲ್ಲವೆನ್ನುವುದಿಲ್ಲ. 2011ರ ಜನಗಣತಿಯಂತೆ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರು. ಅವರಲ್ಲಿ ಗಂಡಸರಾದರೆ ನೂರಕ್ಕೆ 47 ಮಂದಿ ದುಡಿಯುತ್ತಿದ್ದರು, ಹೆಂಗಸರಾದರೆ 23 ಮಂದಿ ಮಾತ್ರ. ಉಳಿದ 77 ಹೆಂಗಸರಿಗೆ ಸಹಾಯ ಬೇಡವೆನ್ನಲು ನಾನು ಯಾರು? ಸರ್ಕಾರದ ಹಣ ಬೇಡ ಎಂದು ನಾನು ಹೇಳುತ್ತಲೇ ಇಲ್ಲ. ಅದು ಯಾರ ಕೈಗೆ ಹೋಗಬೇಕು ಎಂಬುದೇ ನನ್ನ ಜಗಳ.

ಈ ಜಗಳಕ್ಕೆ ನನ್ನ ಬಳಿ ಸಾಕ್ಷಿಯೂ ಇದೆ, ಅದೂ ಆ ಯೋಜನೆಯೊಳಗಿನದೇ. ನ್ಯಾಯವಾಗಿ ಅದನ್ನೂ ಹೇಳಬೇಕು. ಸರ್ಕಾರ ಕಟ್ಟಿದ ಆ 600 ರೂಪಾಯಿ ಉಳಿತಾಯವಾದದ್ದು ಮಾಲೀಕರಿಗಾದರೂ, ಜಮೆಯಾದದ್ದು ನನ್ನ ತಂಗಿಯ ಹೆಸರಿನಲ್ಲಿ. ಇ.ಎಸ್.ಐ. ಚೀಟಿಯಲ್ಲಿ ಅಮ್ಮನ ಹೆಸರೂ ಇತ್ತು, ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು ಅದರಲ್ಲೇ. ಕೆಲಸ ಹೋದ ಮೇಲೆ ಅವಳು ಭವಿಷ್ಯನಿಧಿಯ ಹಣ ವಾಪಸು ಪಡೆದಳು. ಅವಳ ಪಾಲು, ಸರ್ಕಾರದ ಪಾಲು, ಬಡ್ಡಿ ಎಲ್ಲ ಸೇರಿ ನಲವತ್ತು ಸಾವಿರಕ್ಕೆ ಮೇಲೆ ಬಂತು. ಅಮ್ಮ ತನ್ನ ಎರಡು ಬಳೆ ಬಿಚ್ಚಿಕೊಟ್ಟಳು. ಆ ಹಣದಲ್ಲಿ ಒಂದು ಸ್ಕೂಟರ್ ಬಂತು, ಅದಕ್ಕೆ ಹಿಂದೆ ಎರಡು ಹೆಚ್ಚುವರಿ ಚಕ್ರ ಹಾಕಿಸಿದೆವು.

ಆ ಸ್ಕೂಟರ್ ಮಾಡಿದ ಕೆಲಸವನ್ನು ಯಾವ ರಿಯಾಯಿತಿಯೂ ಮಾಡಲಿಲ್ಲ. ಅಲ್ಲಿಯವರೆಗೆ ಅವಳು ಮನೆಯ ಹತ್ತಿರ ಇರುವ ಕೆಲಸವನ್ನೇ ಹುಡುಕಬೇಕಿತ್ತು. ಈಗ ಊರೆಲ್ಲ ಅವಳದಾಯಿತು. ನಾಲ್ಕು ಕಿಲೋಮೀಟರ್ ದೂರದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವರು ಬೇಕಾಗಿದ್ದರು. ನೆಲಮಟ್ಟದ ಕಟ್ಟಡ. ಆ ಸಲ ನಾನು ಹೋಗಲಿಲ್ಲ, ಪತ್ರಿಕೆಯ ಚೂರೂ ಹೋಗಲಿಲ್ಲ. ಅವಳೇ ಹೋಗಿ ಪರೀಕ್ಷೆಗೆ ಕೊಟ್ಟ ಲೆಕ್ಕ ಬಿಡಿಸಿ ಬಂದಳು. ಎಲ್ಲರಿಗೆ ಕೊಡುವ ಸಂಬಳವೇ ಅವಳಿಗೂ. ಇವತ್ತಿಗೂ ಅಲ್ಲೇ ಇದ್ದಾಳೆ.

ಹೆಣ್ಣಿನ ಜೊತೆ ಹೋಗುವ ಹಣದಲ್ಲಿ ಎರಡು ಬಗೆ. ಒಂದು ವರದಕ್ಷಿಣೆ, ಗಂಡಿನ ಮನೆಯ ಪೆಟ್ಟಿಗೆಗೆ ಬೀಳುವಂಥದ್ದು. ಇನ್ನೊಂದು ಸ್ತ್ರೀಧನ, ಆಕೆಯ ಹೆಸರಲ್ಲೇ ಉಳಿದು ಆಕೆ ಹೋದಲ್ಲಿಗೆ ಹೋಗುವಂಥದ್ದು. ಅಮ್ಮನ ಬಳೆ ಸ್ತ್ರೀಧನ. ಆ ಭವಿಷ್ಯನಿಧಿಯೂ ಸ್ತ್ರೀಧನ. ಮಾಲೀಕನಿಗೆ ಉಳಿದ 84,150 ರೂಪಾಯಿ ವರದಕ್ಷಿಣೆ. ಸರ್ಕಾರ ನಮ್ಮ ಹಣವನ್ನು ಖರ್ಚು ಮಾಡುವುದಾದರೆ ಸ್ತ್ರೀಧನವಾಗಿ ಮಾಡಲಿ. ಕಾಲಿಲ್ಲದವರಿಗೆ ಗಾಡಿ, ಕಣ್ಣಿಲ್ಲದವರಿಗೆ ಅಕ್ಷರ ಓದಿ ಹೇಳುವ ಕಂಪ್ಯೂಟರ್, ಕಿವಿ ಕೇಳದವರಿಗೆ ಸನ್ನೆ ಭಾಷೆ ಬಲ್ಲ ಸಹಾಯಕರು, ಬುದ್ಧಿ ಬೆಳವಣಿಗೆ ನಿಧಾನವಾದವರಿಗೆ ಮೊದಲ ಕೆಲವು ತಿಂಗಳು ಪಕ್ಕದಲ್ಲಿ ನಿಂತು ಕೆಲಸ ಕಲಿಸುವವರು. ಕೆಲಸ ಬಿಟ್ಟರೆ ಅದೂ ಅವರ ಜೊತೆಗೇ ಹೋಗಬೇಕು, ಮಾಲೀಕನ ಬಳಿ ಉಳಿಯಬಾರದು. ಇದೇನು ನನ್ನ ಕನಸಲ್ಲ. ಬ್ರಿಟನ್ನಿನಲ್ಲಿ 1994ರಿಂದ ಇಂಥದೊಂದು ವ್ಯವಸ್ಥೆ ಇದೆ. ಕೆಲಸದಲ್ಲಿ ಬೇಕಾಗುವ ವಿಶೇಷ ಸಲಕರಣೆಗೆ, ಕೆಲಸಕ್ಕೆ ಹೋಗಿಬರುವ ಹೆಚ್ಚುವರಿ ಖರ್ಚಿಗೆ, ಸನ್ನೆ ಭಾಷೆಯ ಸಹಾಯಕರಿಗೆ ಅಂಗವಿಕಲ ಕೆಲಸಗಾರರೇ ಅರ್ಜಿ ಹಾಕಿ ನೆರವು ಪಡೆಯಬಹುದು.

ಮೆಟ್ಟಿಲು, ಶೌಚಾಲಯದ ಮಾತು ಬೇರೆ. ಅದಕ್ಕೆ ಸಹಾಯಧನವನ್ನೂ ಕೇಳಬೇಕಾಗಿಲ್ಲ, ಅದು ಮಾಲೀಕರ ಕರ್ತವ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕರು ಬಳಸುವ ಕಟ್ಟಡ ಎಂದರೆ ಸರ್ಕಾರಿ ಕಚೇರಿ ಮಾತ್ರವಲ್ಲ, ವ್ಯಾಪಾರ ನಡೆಸುವ ಖಾಸಗಿ ಕಟ್ಟಡವೂ ಸೇರುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟಿದ್ದ 5 ವರ್ಷದ ಗಡುವು 2022ಕ್ಕೇ ಮುಗಿಯಿತು. ಈ ನಿಯಮಗಳು ಬರೀ ಸಲಹೆಯ ರೂಪದಲ್ಲಿವೆ, ಕಡ್ಡಾಯ ನಿಯಮಗಳನ್ನು ಮಾಡಿ ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಕೇಂದ್ರಕ್ಕೆ ಹೇಳಬೇಕಾಯಿತು. ಅದೇ ಕಾಯ್ದೆಯ 35ನೇ ಕಲಮಿನಲ್ಲಿ, ಖಾಸಗಿಯವರ ಕೆಲಸಗಾರರಲ್ಲಿ ಶೇಕಡ 5ರಷ್ಟಾದರೂ ಅಂಗವಿಕಲರು ಇರುವಂತೆ ಪ್ರೋತ್ಸಾಹ ಕೊಡಬೇಕು ಎಂದಿದೆ, ಅದೂ ಸರ್ಕಾರದ ಶಕ್ತ್ಯಾನುಸಾರ. ಪ್ರೋತ್ಸಾಹ ಎಂಬ ಪದ ಕಂಡಕೂಡಲೇ ಎಲ್ಲರಿಗೂ ಹೊಳೆಯುವುದು ಮಾಲೀಕರಿಗೆ ರಿಯಾಯಿತಿ ಒಂದೇ!

ರಾಜ್ಯದಲ್ಲಿ 2023ರ ಜೂನ್‌ನಿಂದ ನಮಗೆಲ್ಲ ಬಸ್ಸು ಪುಕ್ಕಟೆ. ನಾನೂ ಓಡಾಡುತ್ತೇನೆ, ಸಂತೋಷವೇ. ನನ್ನ ತಂಗಿಗೂ ಪುಕ್ಕಟೆ, ಆದರೆ ಬಸ್ಸಿನ ಮೊದಲ ಮೆಟ್ಟಿಲು ಅವಳ ಮೊಣಕಾಲಿನ ಎತ್ತರಕ್ಕಿದೆ. ಟಿಕೇಟಿನ ಹಣ ಬಿಟ್ಟುಕೊಟ್ಟರು, ಮೆಟ್ಟಿಲನ್ನು ಬಿಟ್ಟುಕೊಡಲಿಲ್ಲ. ಹೆಸರಿನ ಕತೆಯೂ ಅಷ್ಟೆ. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು, 2015ರ ಕೊನೆಯಿಂದ ದಿವ್ಯಾಂಗರೂ ಆದರು. ನಾಲ್ಕು ಹೆಸರು ಬದಲಾದವು, ಆ ಅಂಗಡಿಯ ನಾಲ್ಕು ಮೆಟ್ಟಿಲು ಹಾಗೇ ಇವೆ. ಹೋಗಿ ನೋಡಿ ಬಂದೇ ಬರೆಯುತ್ತಿದ್ದೇನೆ.

ಕೆಲಸವನ್ನೇ ಅವರಿಗೆ ತಕ್ಕಂತೆ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲಿ 2017ರಲ್ಲಿ ಒಂದು ಕಾಲೇಜಿನ ಆವರಣದಲ್ಲಿ ಮಿಟ್ಟಿ ಕೆಫೆ ಶುರುವಾಯಿತು. ಚಹಾ ಮಾಡುವವರು, ತಂದುಕೊಡುವವರು ಬಗೆಬಗೆಯ ಅಂಗವಿಕಲತೆ ಇರುವವರು. ಮಾತು ಬಾರದವರೊಡನೆ ವ್ಯವಹರಿಸಲು ಫಲಕ, ಕಣ್ಣು ಕಾಣದವರಿಗೆ ಬ್ರೈಲ್ ಪಟ್ಟಿ. ಅಲ್ಲಿಂದ ಅದು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಯಿತು, 2023ರಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನ ಆವರಣಕ್ಕೂ ಹೋಯಿತು. ಹುಬ್ಬಳ್ಳಿಯ ಚಹಾ ದೆಹಲಿಯ ನ್ಯಾಯಮೂರ್ತಿಗಳಿಗೆ ಆಗುತ್ತದೆ ಎಂದಾದರೆ ನಮ್ಮೂರ ಅಂಗಡಿಗೆ ನನ್ನ ತಂಗಿಯ ಲೆಕ್ಕ ಆಗುವುದಿಲ್ಲವೆ?

ಕೊನೆಯದಾಗಿ ನಮ್ಮ ಮನೆಗಳ ಮಾತು. ಬಟ್ಟೆ ಅಂಗಡಿಯ ಮಾಲೀಕರನ್ನು ಬೈದು ಮುಗಿಸಿದರೆ ಸಾಲದು. ಅವರಿಗೆ ರಿಯಾಯಿತಿಯ ದಾರಿ ತೋರಿಸಿದವಳು ಅಕ್ಕನಾದ ನಾನು. ಅದಕ್ಕೂ ಮೊದಲು ಐವತ್ತು ಸಾವಿರ ಕೂಡಿಸಲು ಹೊರಟವರು ನಮ್ಮ ಅಪ್ಪ. ಕುಂಟುವ ಮಗಳನ್ನು ಮದುವೆ ಮನೆಗೆ ಕರೆದುಕೊಂಡು ಹೋಗದವರು, ಕಿವಿ ಕೇಳದ ಮಗನ ಮೇಲೆ "ನಮ್ಮ ಕಾಲ ಆದ ಮೇಲೆ ಗತಿ ಏನು" ಎಂದು ಅವನ ಎದುರಿಗೇ ನಿಟ್ಟುಸಿರು ಬಿಡುವವರು ನಾವೇ. ಅವರ ಬೆಲೆ ಮೊದಲು ಇಳಿಯುವುದು ನಮ್ಮ ಅಡುಗೆಮನೆಯಲ್ಲಿ. ಮಾರುಕಟ್ಟೆ ನಾವು ಇಳಿಸಿದ ಬೆಲೆಯಿಂದ ಚೌಕಾಸಿ ಶುರು ಮಾಡುತ್ತದೆ, ಅಷ್ಟೆ.

ಮುಂದಿನ ತಿಂಗಳ ಸಭೆಗೆ ನಾನೂ ಒಂದು ಠರಾವು ಬರೆದುಕೊಂಡು ಹೋಗುತ್ತಿದ್ದೇನೆ. ಅದರಲ್ಲಿ ಮೂರೇ ಸಾಲು. ಅಂಗವಿಕಲರಿಗೆ ಪೂರಾ ಸಂಬಳ ಕೊಡಬೇಕು. ಸರ್ಕಾರದ ನೆರವು ಅವರ ಹೆಸರಿಗೇ ಬಂದು, ಅವರು ಹೋದಲ್ಲಿಗೆ ಹೋಗಬೇಕು. ನಮ್ಮೂರಿನ ಅಂಗಡಿಗಳಿಗೆ ನಾವು ಹೆಂಗಸರು ಸೀರೆ ಕೊಳ್ಳಲು ಹೋದಾಗ, ಮೆಟ್ಟಿಲ ಪಕ್ಕ ಇಳಿಜಾರು ಎಲ್ಲಿ ಎಂದು ಕೇಳಿಯೇ ಒಳಗೆ ಕಾಲಿಡಬೇಕು.

ಮೊದಲೆರಡಕ್ಕೆ ಸರ್ಕಾರ ಬೇಕು. ಮೂರನೆಯದಕ್ಕೆ ನಾವು ಇಪ್ಪತ್ತು ಚಿಲ್ಲರೆ ಜನ ಸಾಕು. ತಂಗಿಗೆ ಓದಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, "ಲೆಕ್ಕ ಸರಿಯಾಗಿದೆ" ಎಂದಳು.